ಮನೆ, ಮಠ, ಶಾಲೆ: ಮಕ್ಕಳ ವಿದ್ಯಾಭ್ಯಾಸದಲ್ಲಿ ಹೆತ್ತವರ ಆಯ್ಕೆಯ ಚರಿತ್ರೆ



ಮಕ್ಕಳಿಗೆ ವಿದ್ಯೆಯನ್ನು ಎಲ್ಲಿ, ಯಾರಿಂದ, ಯಾವ ನುಡಿಯಲ್ಲಿ ಕೊಡಿಸಬೇಕೆಂಬ ಚಿಂತೆಯು ಗೃಹಸ್ಥರಿಗೆ ಹೊಸದಲ್ಲ. ಆದರೆ ಬೆಂಗಳೂರಿನ ಹೊರವಲಯದಿಂದ ಶ್ರೀಮಠದ ದರ್ಶನಕ್ಕೆ ಬರುವ ಭಕ್ತರು ಈ ಕಾಲದಲ್ಲಿ ಅದನ್ನು ಎರಡು ವಿಧವಾಗಿ ನಿವೇದಿಸಿಕೊಳ್ಳುತ್ತಿರುವರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ಉದ್ಯೋಗದಲ್ಲಿರುವ ದಂಪತಿಗಳಲ್ಲಿ ಕೆಲವರು, "ಬುದ್ಧೀ, ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಬೇಕೆಂದಿದ್ದೇವೆ, ಇದು ತಪ್ಪೇ?" ಎಂದು ಕೇಳುವರು. ಉತ್ತರದ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದು ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, "ಅಪ್ಪಾವರೇ, ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವೆವು, ಮನೆಯಲ್ಲಿ ನೋಡುವವರಿಲ್ಲ, ಹುಡುಗನನ್ನು ಮಠದಲ್ಲಿಟ್ಟುಕೊಂಡು ಓದಿಸಿರಿ" ಎಂದು ಬೇಡುವರು. ಒಬ್ಬರು ಮಗುವನ್ನು ಶಾಲೆಯಿಂದ ಮನೆಗೆ ಕರೆದುಕೊಳ್ಳಲೆಳಸುವರು, ಮತ್ತೊಬ್ಬರು ಮನೆಯಿಂದ ಮಠಕ್ಕೆ ಒಪ್ಪಿಸಲೆಳಸುವರು. ಇವು ಬೇರೆ ಬೇರೆ ಪ್ರಶ್ನೆಗಳೆಂದು ಮೇಲುನೋಟಕ್ಕೆ ತೋರಬಹುದಾದರೂ, ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ತಿರುವಿಹಾಕಿದರೆ ಇವೆರಡರ ಬೇರು ಒಂದೇ ಎಂಬುದು ಗೊತ್ತಾಗುವುದು. ಆ ಚರಿತ್ರೆಯನ್ನು ಯಥಾಮತಿ ಭಕ್ತಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

೧. ಮನೆಯೇ ಮೊದಲ ಶಾಲೆ

ಕಲ್ಯಾಣದ ಶರಣರ ಹೆಸರುಗಳನ್ನು ನೋಡಿದರೆ ಸಾಕು, ಆ ಕಾಲದ ವಿದ್ಯೆಯು ಎಲ್ಲಿ ನೆಲೆಸಿತ್ತೆಂಬುದು ತಿಳಿಯುವುದು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಎಂಬೀ ಹೆಸರುಗಳೆಲ್ಲ ಕಾಯಕದ ಹೆಸರುಗಳು. ದೋಣಿಯನ್ನು ನಡೆಸುವುದು, ಬಿದಿರನ್ನು ಸೀಳಿ ಹೆಣೆಯುವುದು, ಹಗ್ಗ ಹೊಸೆಯುವುದು ಮುಂತಾದ ಕಸುಬುಗಳನ್ನು ಮಕ್ಕಳು ಹೆತ್ತವರ ಮಗ್ಗುಲಲ್ಲಿ ಕುಳಿತು, ಅಂಗಳದಲ್ಲಿಯೂ ಹೊಳೆಯ ದಡದಲ್ಲಿಯೂ ಕಲಿಯುತ್ತಿದ್ದರು. ಇಷ್ಟಲಿಂಗದ ಪೂಜೆಯಾದರೋ ಇಂದಿಗೂ ಮನೆಯಲ್ಲಿಯೇ ನಡೆಯತಕ್ಕದ್ದು. ವಿಭೂತಿಯನ್ನು ಧರಿಸುವುದನ್ನೂ, ಕರಸ್ಥಲದಲ್ಲಿ ಲಿಂಗವನ್ನಿಟ್ಟು ದೃಷ್ಟಿಯನ್ನು ನಿಲ್ಲಿಸುವುದನ್ನೂ ಮಗುವಿಗೆ ತೋರಿಸಿಕೊಡುವವಳು ತಾಯಿ. ಹೀಗಿರಲಾಗಿ, ಮನೆಯಲ್ಲಿ ಕಲಿಸುವುದು ಪರದೇಶದಿಂದ ಬಂದ ಹೊಸ ಪದ್ಧತಿಯೆಂದು ಲಿಂಗವಂತರಾದವರು ಹೇಳಲಾಗದು.

ಆದರೆ ಶರಣರು ಮಾಡಿದ ದೊಡ್ಡ ಕೆಲಸವು ಅಲ್ಲಿಗೆ ಮುಗಿಯಲಿಲ್ಲ. ಮನೆಯ ಕಸುಬು ಮನೆಗೇ, ಪಂಡಿತರ ಜ್ಞಾನವು ಪಂಡಿತರ ಮನೆಗೇ ಎಂದಿದ್ದ ಕಟ್ಟನ್ನು ಅವರು ಸಡಿಲಿಸಿದರು. ಅನುಭಾವವನ್ನು ಕನ್ನಡದಲ್ಲಿ ನುಡಿದರು, ಎಲ್ಲ ಕಾಯಕದವರನ್ನೂ ಒಂದೆಡೆ ಕುಳ್ಳಿರಿಸಿದರು. ಮೂವತ್ತಕ್ಕೂ ಮಿಕ್ಕ ಶರಣೆಯರು ವಚನಗಳನ್ನು ರಚಿಸಿದರು. ಮನೆಯಲ್ಲಿ ಹುಟ್ಟಿದ ವಿದ್ಯೆಯು ಮನೆಯ ಹೊಸ್ತಿಲನ್ನು ದಾಟಿ ನೆರೆಯವರ ವಿದ್ಯೆಯೊಡನೆ ಕೂಡಬೇಕೆಂಬುದೇ ಆ ಕೂಟದ ಅರ್ಥವಾಗಿತ್ತು.

೨. ಕೂಲಿಮಠದ ಕಾಲ

ಹಳೆಯ ಮೈಸೂರಿನ ಸೀಮೆಯಲ್ಲಿ ನಮ್ಮ ಹಿರಿಯರು ಶಾಲೆಯನ್ನು 'ಮಠ' ಎಂದೇ ಕರೆಯುತ್ತಿದ್ದರು. ಹುಡುಗನು ಮಠಕ್ಕೆ ಹೋದನೆಂದರೆ ಓದಲು ಹೋದನೆಂದು ಅರ್ಥ. ಊರವರು ಕೊಡುವ ಕೂಲಿಯಿಂದ ನಡೆಯುತ್ತಿದ್ದುದರಿಂದ ಅವು ಕೂಲಿಮಠಗಳೆನಿಸಿದುವು. ಅಯ್ಯನವರು ಗುಡಿಯ ಮಂಟಪದಲ್ಲಿಯೋ ಗೌಡರ ಜಗಲಿಯ ಮೇಲೆಯೋ ಮಕ್ಕಳನ್ನು ಕುಳ್ಳಿರಿಸಿಕೊಂಡು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿಸುತ್ತಿದ್ದರು. ತರುವಾಯ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಒಣಗಿಸಿ ಮಡಿಸಿದ ಕಡತದ ಮೇಲೆ ಬಳಪದಿಂದ ಬರೆಯಿಸುತ್ತಿದ್ದರು. ಮಗ್ಗಿ, ಲೆಕ್ಕ, ಕಾಗದ ಪತ್ರಗಳ ಒಕ್ಕಣೆ, ಕಾವ್ಯದ ಬಾಯಿಪಾಠ ಇವು ಅಲ್ಲಿಯ ಪಾಠಗಳಾಗಿದ್ದುವು.

ಈ ಪದ್ಧತಿಯ ವಿವರವಾದ ವರ್ಣನೆಯೊಂದು ನಮಗೆ ಬಳ್ಳಾರಿಯಿಂದ ದೊರೆತಿದೆ. ಮದ್ರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ೧೮೨೨ನೆಯ ಇಸವಿಯಲ್ಲಿ ಪ್ರತಿ ಜಿಲ್ಲೆಯ ಕಲೆಕ್ಟರರಿಂದಲೂ ದೇಶೀಯ ಶಾಲೆಗಳ ವಿವರವನ್ನು ತರಿಸಿದರು. ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಅವರು ೧೮೨೩ರಲ್ಲಿ ಒಪ್ಪಿಸಿದ ವರದಿಯಂತೆ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದುವು. ಅವುಗಳಲ್ಲಿ ಕನ್ನಡದ ಶಾಲೆಗಳು ೨೩೫, ತೆಲುಗಿನವು ೨೨೬, ಇಂಗ್ಲಿಷಿನದು ಒಂದೇ ಒಂದು. ಐದನೆಯ ವರ್ಷದಲ್ಲಿ ಮಗುವಿಗೆ ಅಕ್ಷರಾಭ್ಯಾಸವಾಗುತ್ತಿದ್ದುದು ಶಾಲೆಯಲ್ಲಲ್ಲ, ಅದರ ಮನೆಯಲ್ಲಿ. ಗುರುಗಳೂ ಶಾಲೆಯ ಮಕ್ಕಳೆಲ್ಲರೂ ಮಗುವಿನ ಮನೆಗೆ ಬಂದು ಗಣಪತಿಯ ಸುತ್ತಲೂ ಕುಳಿತು, ಅಕ್ಕಿಯ ಮೇಲೆ ಮಗುವಿನ ಕೈಹಿಡಿದು ಬರೆಯಿಸಿ, ಬಳಿಕ ಅದನ್ನು ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವುದು ಅವನಿಗೆ ಸಲ್ಲುವ ಮರ್ಯಾದೆಯಾಗಿತ್ತು. ಮುಂದುವರಿದ ಮಕ್ಕಳು ಹಿಂದುಳಿದ ಮಕ್ಕಳಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಅವರು ಬಹುವಾಗಿ ಮೆಚ್ಚಿಕೊಂಡಿರುವರು. ಲಿಂಗವಂತರ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂಬುದನ್ನೂ ಅದೇ ವರದಿಯು ತಿಳಿಸುವುದು.

ಮನೆಗೂ ಶಾಲೆಗೂ ನಡುವೆ ಗೋಡೆಯಿಲ್ಲದ ಆ ಕಾಲವನ್ನು ನೆನೆದು ಹೆಮ್ಮೆಪಡುವುದು ಸಹಜವೇ ಸರಿ. ಆದರೆ ಅದೇ ವರದಿಯ ಉಳಿದ ಅಂಕೆಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂಬತ್ತು ಲಕ್ಷದ ಇಪ್ಪತ್ತೇಳು ಸಾವಿರಕ್ಕೂ ಮಿಕ್ಕ ಜನರಿದ್ದ ಆ ಜಿಲ್ಲೆಯಲ್ಲಿ ಓದುತ್ತಿದ್ದ ಮಕ್ಕಳು ೬,೬೪೧ ಮಾತ್ರ. ಎಂದರೆ ಸುಮಾರು ೧೪೦ ಮಂದಿಗೆ ಒಬ್ಬನು. ಹೆಣ್ಣುಮಕ್ಕಳು ೬೦. ಮಕ್ಕಳು ಪದ್ಯಗಳನ್ನು ಅರ್ಥವರಿಯದೆ ಒಪ್ಪಿಸುತ್ತಿದ್ದರೆಂದೂ ಕ್ಯಾಂಪ್‌ಬೆಲ್ ಅವರು ಆಕ್ಷೇಪಿಸಿರುವರು. ಎಲ್ಲಕ್ಕಿಂತ ಮನಕರಗಿಸುವ ಮಾತೆಂದರೆ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಆಗ ಶಾಲೆಯೇ ಇರಲಿಲ್ಲವೆಂಬುದು. ಬಡತನದಿಂದಾಗಿ ಜನರು ಗುರುಗಳಿಗೆ ಕೂಲಿ ಕೊಡಲಾರದೆ, ಎಳೆಯ ಕೈಗಳನ್ನೂ ದುಡಿಮೆಗೆ ಹಚ್ಚಬೇಕಾಯಿತೆಂದು ಅವರು ಬರೆದಿರುವರು.

ಮನೆಯಲ್ಲಿಯೇ ಕಲಿಯುವವರ ಮಾತನ್ನೂ ಆ ವಿಚಾರಣೆಯು ಮರೆಯಲಿಲ್ಲ. ಮದ್ರಾಸು ಪಟ್ಟಣದಲ್ಲಿ ಮನೆಗಳಲ್ಲಿ ಓದುವ ಮಕ್ಕಳು ಶಾಲೆಯ ಮಕ್ಕಳ ಐದು ಪಟ್ಟಿಗೂ ಮಿಕ್ಕಿರುವರೆಂದು ಅಲ್ಲಿಯ ಲೆಕ್ಕವು ಹೇಳಿತು. ಆ ಅಂಕೆಯಲ್ಲಿ ತಪ್ಪಿರಬಹುದೆಂದು ಮನ್ರೋ ಅವರೇ ೧೮೨೬ರಲ್ಲಿ ಸಂಶಯಪಟ್ಟರೂ, ಬಂಧುಗಳಿಂದಲೋ ಖಾಸಗಿ ಉಪಾಧ್ಯಾಯರಿಂದಲೋ ಮನೆಯಲ್ಲಿ ಕಲಿಯುವವರು ಬಹಳ ಮಂದಿಯೆಂಬುದನ್ನು ಒಪ್ಪಿಕೊಂಡರು. ಇದರಿಂದ ತಿಳಿದುಬರುವ ತತ್ತ್ವವು ಸರಳವಾದುದು. ಮನೆಯು ತನ್ನಲ್ಲಿರುವುದನ್ನೇ ಮಗುವಿಗೆ ಕೊಡಬಲ್ಲುದು. ವಿದ್ಯೆಯಿದ್ದ ಮನೆಯಲ್ಲಿ ವಿದ್ಯೆಯು ಬೆಳೆಯಿತು. ವಿದ್ಯೆಯಿಲ್ಲದ ಮನೆಯಲ್ಲಿ ಕೂಲಿಗೆ ಹೋಗುವುದೊಂದೇ ಪಾಠವಾಯಿತು. ಅಂಥ ಮನೆಯವರಿಗೆ ಆಯ್ಕೆಯೆಂಬುದೇ ಇರಲಿಲ್ಲ.

೩. ಸರ್ಕಾರದ ಶಾಲೆ ಮತ್ತು ಊರಿಗೆ ದೂರವಾದ ವಿದ್ಯೆ

ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ, ಮುಂದೆ ಶಾಸನ ಸಂಶೋಧನೆಯಿಂದ ಪ್ರಖ್ಯಾತರಾದ ಬಿ. ಎಲ್. ರೈಸ್ ಅವರು ಪ್ರತಿ ಹೋಬಳಿಗೂ ಒಂದು ಕನ್ನಡ ಶಾಲೆ ಇರಬೇಕೆಂಬ ಯೋಜನೆಯನ್ನು ಸಿದ್ಧಪಡಿಸಿದರು. ೧೮೬೮ರಲ್ಲಿ ಅದಕ್ಕೆ ಮಂಜೂರಾತಿ ದೊರೆಯಿತು. ೧೮೮೧ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಶಾಲೆಯು ಸ್ಥಾಪಿತವಾಯಿತು. ೧೯೦೬ರಲ್ಲಿ ಬರೋಡದ ಮಹಾರಾಜರು ತಮ್ಮ ರಾಜ್ಯದಲ್ಲೆಲ್ಲ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸಿದರು. ೧೯೧೧ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಬ್ರಿಟಿಷ್ ಇಂಡಿಯಕ್ಕೂ ಅಂಥ ಕಾನೂನನ್ನು ತರಲೆತ್ನಿಸಿ ವಿಫಲರಾದರು. ನಮ್ಮ ಮೈಸೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ, ಆಯ್ದ ಸ್ಥಳಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಮಾಡಲು ಅವಕಾಶವೀಯುವ ಎಲಿಮೆಂಟರಿ ಎಜುಕೇಷನ್ ರೆಗ್ಯುಲೇಷನ್ ಜಾರಿಗೆ ಬಂದಿತು.

ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯು ಬಂದಿತು, ನಿಜ. ಆದರೆ ಮೇಲಿನ ತರಗತಿಗಳು ಪಟ್ಟಣದಲ್ಲಿ. ಪಟ್ಟಣದಲ್ಲಿ ಊಟ ಎಲ್ಲಿ, ಮಲಗುವುದೆಲ್ಲಿ? ಬೇಸಾಯದ ಮನೆಯ ತಂದೆಗೆ ಮಗನ ಬುದ್ಧಿಯಲ್ಲಿ ಸಂದೇಹವಿರಲಿಲ್ಲ, ಶಾಲೆಯ ಮೇಲೆ ದ್ವೇಷವೂ ಇರಲಿಲ್ಲ. ದಿನಕ್ಕೆ ಎರಡು ಹೊತ್ತಿನ ಅನ್ನದ ಲೆಕ್ಕವೇ ಅವನ ಮಗನ ವಿದ್ಯೆಯನ್ನು ನಿರ್ಧರಿಸುತ್ತಿತ್ತು. ಈ ಅನ್ನದ ಪ್ರಶ್ನೆಗೆ ಉತ್ತರವು ಬಂದುದು ಬಹುಮಟ್ಟಿಗೆ ಮಠಗಳಿಂದ ಮತ್ತು ದಾನಿಗಳಿಂದ.

೪. ಪ್ರಸಾದನಿಲಯಗಳು

ಗುಬ್ಬಿಯ ವರ್ತಕರಾಗಿದ್ದ ತೋಟದಪ್ಪನವರು (೧೮೩೮–೧೯೧೦) ತಮ್ಮ ಸಂಪಾದನೆಯನ್ನು ಧರ್ಮಕ್ಕೆ ವಿನಿಯೋಗಿಸಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಧರ್ಮಛತ್ರವನ್ನೂ ಉಚಿತ ವಿದ್ಯಾರ್ಥಿನಿಲಯವನ್ನೂ ಏರ್ಪಡಿಸಿದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಉದಯಿಸಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ವಿದ್ಯಾರ್ಥಿಗಳ ಪ್ರಸಾದನಿಲಯವನ್ನು ನಡೆಸಿದರು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದು, ೧೯೫೪ರಲ್ಲಿ ಜೆ. ಎಸ್. ಎಸ್. ಮಹಾವಿದ್ಯಾಪೀಠವನ್ನು ಕಟ್ಟಿದರು.

ಪೀಣ್ಯದಿಂದ ತುಮಕೂರಿನ ಹೆದ್ದಾರಿಯನ್ನು ಹಿಡಿದು ಹೋದವರೆಲ್ಲರೂ ಸಿದ್ಧಗಂಗೆಯನ್ನು ಬಲ್ಲರು. ಮಾಗಡಿ ಸೀಮೆಯ ವೀರಾಪುರದಲ್ಲಿ ೧೯೦೭ರಲ್ಲಿ ಜನಿಸಿದ ಬಾಲಕನೊಬ್ಬನು ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು, ಅಕ್ಕನ ಆಶ್ರಯದಲ್ಲಿ ನಾಗವಲ್ಲಿಯ ಶಾಲೆಯಲ್ಲಿ ಓದಿ, ೧೯೨೬ರಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದನು. ೧೯೩೦ರಲ್ಲಿ ಉದ್ದಾನ ಶಿವಯೋಗಿಗಳಿಂದ ಸನ್ಯಾಸದೀಕ್ಷೆಯನ್ನು ಪಡೆದು ಶಿವಕುಮಾರ ಮಹಾಸ್ವಾಮಿಗಳಾದ ಆ ಮಹನೀಯರು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವ ವೇಳೆಗೆ, ಜಾತಿಮತಗಳ ಭೇದವಿಲ್ಲದೆ ಹತ್ತು ಸಾವಿರದಷ್ಟು ಮಕ್ಕಳು ಅಲ್ಲಿ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ಪಡೆಯುತ್ತಿದ್ದರು. ತಾಯಿಯಿಲ್ಲದ ಮಗುವಿಗೆ ಅಕ್ಕನ ಮನೆಯು ತೆರೆದ ಬಾಗಿಲು ಮುಂದೆ ಸಹಸ್ರಾರು ಮನೆಗಳ ಮಕ್ಕಳಿಗೆ ಮಠದ ಬಾಗಿಲಾಯಿತು.

ಈ ನಿಲಯಗಳ ಚರಿತ್ರೆಯನ್ನು ಹೊಗಳುವಾಗ ಅದರಲ್ಲಿ ತಾಯಂದಿರು ತೆತ್ತ ಬೆಲೆಯನ್ನು ನಾವು ಮರೆಯಬಾರದು. ಹತ್ತು ವರ್ಷದ ಮಗನ ಕೈಗೆ ಟ್ರಂಕನ್ನು ಕೊಟ್ಟು ಮಠದ ಹೆಬ್ಬಾಗಿಲಿನಲ್ಲಿ ಬಿಟ್ಟು ಹಿಂದಿರುಗುವ ತಾಯಿಯು ಮಗನ ಬಾಲ್ಯದ ಐದಾರು ವರ್ಷಗಳನ್ನೇ ದಾನಮಾಡಿ ಹೋಗುವಳು. ಹಬ್ಬಕ್ಕೆ ಬಂದ ಮಗನು ಊಟಕ್ಕೆ ಮುಂಚೆ ಪ್ರಾರ್ಥನೆಗಾಗಿ ಕಾಯುವುದನ್ನು ಕಂಡು ಆಕೆಗೆ ಸಂತೋಷವೂ ಆಗುವುದು, ಅವನು ತನಗಿಂತ ಮಠಕ್ಕೆ ಹೆಚ್ಚು ಸೇರಿದವನಾದನೆಂಬ ಸಂಕಟವೂ ಆಗುವುದು. ಇನ್ನು, ಹೆಣ್ಣುಮಕ್ಕಳಿಗೆ ಇಂಥ ನಿಲಯಗಳು ಬಹಳ ತಡವಾಗಿ ಬಂದುವೆಂಬುದನ್ನೂ ಒಪ್ಪಿಕೊಳ್ಳತಕ್ಕದ್ದು. ಅಕ್ಕಮಹಾದೇವಿಯ ಹೆಸರನ್ನು ನಿತ್ಯವೂ ಸ್ಮರಿಸುವ ನಮಗೆ ಇದು ಭೂಷಣವಲ್ಲ.

೫. ಹೊಸ ಊರುಗಳು, ಹೊಸ ಕಾನೂನುಗಳು

ಇನ್ನು ನಮ್ಮ ಹೊರವಲಯದ ಕಡೆಗೆ ತಿರುಗೋಣ. ವೈಟ್‌ಫೀಲ್ಡ್ ಎಂಬುದು ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ನೆಲೆಗಾಗಿ ಕೊಟ್ಟ ೩,೯೦೦ ಎಕರೆ ಭೂಮಿಯಲ್ಲಿ ಹುಟ್ಟಿದ ಊರು. ಪೀಣ್ಯದ ಕೈಗಾರಿಕಾ ಪ್ರದೇಶವು ೧೯೭೦ರ ದಶಕದ ಕೊನೆಗೆ ಬೆಳೆಯಿತು. ಅದೇ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ೩೩೨ ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಹಿಂದೆ ವಿದ್ವಾಂಸರಿಗೆ ಬಿಡುತ್ತಿದ್ದ ಊರಿಗೆ ಅಗ್ರಹಾರವೆಂದು ಹೆಸರು. ಆ ಹೆಸರಿನ ನೆಲದಲ್ಲಿಯೇ ಇಂದು ಹೊಸ ವಿದ್ಯೆಯವರು ನೆಲೆಸಿರುವರು.

ಅತ್ತ ಕಾನೂನೂ ಬೆಳೆಯಿತು. ೧೯೫೦ರ ಸಂವಿಧಾನವು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ ಒದಗಿಸಲು ಯತ್ನಿಸಬೇಕೆಂದು ಸರ್ಕಾರಗಳಿಗೆ ನಿರ್ದೇಶಿಸಿತು. ಆ ಹತ್ತು ವರ್ಷಗಳು ಐವತ್ತಾದುವು. ೨೦೦೨ರ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕಾಯಿತು. ಆ ವಯಸ್ಸಿನ ಮಗುವಿಗೆ ಶಿಕ್ಷಣದ ಅವಕಾಶವನ್ನು ಕಲ್ಪಿಸುವುದು ತಂದೆತಾಯಿಗಳ ಮೂಲಭೂತ ಕರ್ತವ್ಯವೆಂದೂ ಸೇರಿಸಲಾಯಿತು. ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಅಧಿನಿಯಮವು ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು ಹೇಳಿದರೂ, ಹಾಗೆ ಮಾಡದವರಿಗೆ ದಂಡನೆಯನ್ನು ವಿಧಿಸಿಲ್ಲ. ಮನೆಯಲ್ಲಿ ಓದುವ ಮಗುವಿನ ಪ್ರಸ್ತಾಪವೇ ಅದರಲ್ಲಿಲ್ಲ. ೨೦೧೨ರ ತಿದ್ದುಪಡಿಯಿಂದ ಮದರಸಗಳು, ವೇದಪಾಠಶಾಲೆಗಳು ಮತ್ತು ಮುಖ್ಯವಾಗಿ ಧರ್ಮಬೋಧೆಗೆ ಮೀಸಲಾದ ವಿದ್ಯಾಸಂಸ್ಥೆಗಳು ಅದರ ವ್ಯಾಪ್ತಿಯಿಂದ ಹೊರಗುಳಿದುವು. ೨೦೧೪ರ ಮೇ ೬ರಂದು, ಕರ್ನಾಟಕದ ೧೯೯೪ರ ಭಾಷಾನೀತಿಯ ಆಜ್ಞೆಯಿಂದ ಹುಟ್ಟಿದ ವ್ಯಾಜ್ಯದಲ್ಲಿ, ಪ್ರಾಥಮಿಕ ಹಂತದ ಬೋಧನೆಯ ಮಾಧ್ಯಮವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವು ಮಗುವಿಗೂ ಅದರ ಪರವಾಗಿ ಹೆತ್ತವರಿಗೂ ಸೇರಿದ್ದೆಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠವು ತೀರ್ಪಿತ್ತಿತು. ವಚನಗಳ ನುಡಿಯು ಮಕ್ಕಳ ನಾಲಗೆಯ ಮೇಲೆ ಉಳಿಯುವುದೋ ಅಳಿಯುವುದೋ ಎಂಬುದು ಅಂದಿನಿಂದ ಸರ್ಕಾರದ ಆಜ್ಞೆಗಿಂತ ಹೆಚ್ಚಾಗಿ ಮನೆಯವರ ಮನಸ್ಸನ್ನು ಅವಲಂಬಿಸಿರುವುದು.

ಪರದೇಶಗಳಲ್ಲಿಯೂ ಇದೇ ತೂಗಾಟವುಂಟು. ಇಂಗ್ಲೆಂಡಿನ ೧೯೪೪ರ ಕಾನೂನು ಶಾಲೆಯಿಂದಾಗಲಿ ಅನ್ಯಥಾ ಆಗಲಿ ಮಗುವಿಗೆ ತಕ್ಕ ಶಿಕ್ಷಣ ದೊರೆಯುವಂತೆ ಮಾಡುವುದು ಹೆತ್ತವರ ಕರ್ತವ್ಯವೆಂದು ವಿಧಿಸಿ ಮನೆಯ ಪಾಠಕ್ಕೆ ಎಡೆಗೊಟ್ಟಿತು. ಜರ್ಮನಿಯಾದರೋ ಶಾಲೆಗೆ ಹೋಗುವುದನ್ನೇ ಕಡ್ಡಾಯಮಾಡಿತು. ೧೯೪೮ರ ವಿಶ್ವ ಮಾನವಹಕ್ಕುಗಳ ಘೋಷಣೆಯು ಶಿಕ್ಷಣವು ಎಲ್ಲರ ಹಕ್ಕೆಂದೂ, ಯಾವ ಬಗೆಯ ಶಿಕ್ಷಣವೆಂಬುದನ್ನು ಆಯುವಲ್ಲಿ ಹೆತ್ತವರಿಗೆ ಮೊದಲ ಹಕ್ಕಿರುವುದೆಂದೂ ಒಂದೇ ವಿಧಿಯಲ್ಲಿ ಸಾರಿತು.

೬. ಇಂದಿನ ಗೃಹಶಿಕ್ಷಣ

ನಮ್ಮ ನಗರದ ಹೊರವಲಯದಲ್ಲಿ ಗೃಹಶಿಕ್ಷಣವನ್ನು ಆಯ್ದುಕೊಂಡ ಹೆತ್ತವರನ್ನು ಹಳಿಯುವುದು ಸುಲಭ. ಆದರೆ ಅವರ ಕಾರಣಗಳು ಹುರುಳಿಲ್ಲದವಲ್ಲ. ಬಸ್ಸಿನಲ್ಲಿ ಕಳೆದುಹೋಗುವ ಗಂಟೆಗಳು, ಅಂಕಗಳ ಅವಸರ, ದುಬಾರಿಯಾದ ಶುಲ್ಕ, ಮಗುವಿನ ಸ್ವಭಾವಕ್ಕೆ ಒಗ್ಗದ ಒಂದೇ ಅಳತೆಯ ಪಾಠ, ಇವುಗಳಿಂದ ಬೇಸತ್ತ ತಾಯಿಯು ಎಷ್ಟೋ ವೇಳೆ ತನ್ನ ಉದ್ಯೋಗವನ್ನೇ ಬಿಟ್ಟು ಮಗುವಿನ ಗುರುವಾಗುವಳು. ಇದು ಸಣ್ಣ ತ್ಯಾಗವಲ್ಲ. ಹೀಗೆ ಓದಿದ ಮಗುವು ಹದಿನಾಲ್ಕು ವರ್ಷ ತುಂಬಿದ ಮೇಲೆ, ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದುದರಿಂದ ಮುಂದಿನ ದಾರಿಯು ಮುಚ್ಚಿಹೋಗುವುದೆಂಬ ಭಯವು ಬೇಡ.

ಆದರೂ ಇದರ ಮಿತಿಯನ್ನು ೨೦೨೦ನೆಯ ವರ್ಷವು ಎಲ್ಲರ ಕಣ್ಣಿಗೆ ಕಾಣಿಸಿತು. ಆ ಮಾರ್ಚಿನಲ್ಲಿ ಮಹಾವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ ನಾಡಿನ ಮನೆಗಳೆಲ್ಲವೂ ಬಲಾತ್ಕಾರವಾಗಿ ಶಾಲೆಗಳಾದುವು. ಪ್ರತ್ಯೇಕ ಕೋಣೆಯೂ ಲ್ಯಾಪ್‌ಟಾಪೂ ಓದಿದ ತಾಯ್ತಂದೆಯರೂ ಇದ್ದ ಮನೆಯ ಮಗುವಿಗೆ ಪಾಠವು ನಿಲ್ಲಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ, ತಂದೆಯ ಕೈಯಲ್ಲಿರುವ ಒಂದೇ ಮೊಬೈಲನ್ನು ಮೂವರು ಮಕ್ಕಳು ಕಾಯುತ್ತ ಕುಳಿತಲ್ಲಿ ಪಾಠವು ನಿಂತೇ ಹೋಯಿತು. ಆಗ ಸರ್ಕಾರವು 'ವಿದ್ಯಾಗಮ'ವೆಂಬ ಯೋಜನೆಯಿಂದ ಉಪಾಧ್ಯಾಯರನ್ನು ಮಕ್ಕಳಿರುವ ವಠಾರಗಳಿಗೂ ಜಗಲಿಗಳಿಗೂ ಕಳುಹಿಸಿತು. ಸೋಂಕಿನ ಭಯದಿಂದ ಅದೇ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದರೂ, ಗುರುವೇ ಮಗುವಿನ ಮನೆಯ ಬಾಗಿಲಿಗೆ ಹೋಗುವ ಆ ಹಳೆಯ ಬಳ್ಳಾರಿಯ ಚಿತ್ರವು ಕೆಲವು ತಿಂಗಳು ಮರಳಿ ಕಂಡಿತು. ಕ್ಯಾಂಪ್‌ಬೆಲ್ ಅವರ ಅಂಕೆಗಳು ಹೇಳಿದ ಪಾಠವನ್ನೇ ಇನ್ನೂರು ವರ್ಷಗಳ ಮೇಲೆ ನಾವು ಮತ್ತೆ ಓದಿದೆವು: ಮನೆಯು ತನ್ನಲ್ಲಿರುವುದನ್ನೇ ಕೊಡಬಲ್ಲುದು.

೭. ಉಪಸಂಹಾರ

ಆದಕಾರಣ ಆರಂಭದಲ್ಲಿ ಹೇಳಿದ ಇಬ್ಬರು ಭಕ್ತರಿಗೂ ಚರಿತ್ರೆಯು ಕೊಡುವ ಉತ್ತರವು ಹೀಗಿರುವುದು. ಮನೆಯಲ್ಲಿ ಕಲಿಸುವುದು ತಪ್ಪಲ್ಲ, ಅದು ನಮ್ಮ ಪರಂಪರೆಯೇ. ಆದರೆ ಮಗುವನ್ನು ತನ್ನ ಮನೆಯ ಗೋಡೆಗಳೊಳಗೆ, ತನ್ನಂಥವರ ಮಕ್ಕಳೊಡನೆ ಮಾತ್ರ ಬೆಳೆಸುವುದು ಶರಣರು ಬಿಚ್ಚಿದ ಕಟ್ಟನ್ನು ಮರಳಿ ಕಟ್ಟಿದಂತೆ. ಮನೆಯಲ್ಲಿ ಓದುವ ಮಗುವು ಬೇರೆ ಕಾಯಕದವರ ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಲಿ, ಕನ್ನಡವನ್ನು ಓದಲಿ, ತಾನು ಕಲಿತುದನ್ನು ಕೂಲಿಮಠದ ಹಿರಿಯ ಹುಡುಗನಂತೆ ಕಿರಿಯರಿಗೆ ಕಲಿಸಲಿ. ಹಾಗೆಯೇ ಮಗನನ್ನು ಮಠಕ್ಕೆ ಒಪ್ಪಿಸುವ ತಂದೆತಾಯಿಗಳು ತಮ್ಮ ಗುರುತ್ವವನ್ನೂ ಒಪ್ಪಿಸಿಬಿಟ್ಟೆವೆಂದು ತಿಳಿಯಬಾರದು. ರಜದಲ್ಲಿ ಬಂದ ಮಗನನ್ನು ತಮ್ಮ ಕೆಲಸದ ಬಳಿಗೆ ಕರೆದೊಯ್ದು ಲೇತ್ ಯಂತ್ರವನ್ನು ತೋರಿಸುವ ತಂದೆಯೂ ಗುರುವೇ. ಮಠಗಳ ಹೊಣೆಯೂ ಇಲ್ಲಿಗೆ ಮುಗಿಯದು. ಹೆಣ್ಣುಮಕ್ಕಳಿಗೂ, ವಲಸೆ ಬಂದವರ ಮಕ್ಕಳಿಗೂ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯುವುದು ನಮ್ಮ ಮುಂದಿರುವ ಕಾರ್ಯವಾಗಿದೆ. ಸರ್ಕಾರವು ಶಾಲೆಯ ಮಕ್ಕಳ ಬಿಸಿಯೂಟವನ್ನು ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭಿಸಿ ಅದಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿತು. ಶರಣರ ಮಾತನ್ನು ಸರ್ಕಾರವೇ ಎತ್ತಿಕೊಂಡಿರುವಾಗ ಅದರ ಒಡೆತನದವರು ಹಿಂದುಳಿಯುವುದು ತರವಲ್ಲ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಲೆಗೆ ಏರಿಸಲಿಲ್ಲ. ತಮ್ಮ ಅಗತ್ಯಕ್ಕೆ ಮೀರಿದುದನ್ನು ಎಲ್ಲಿಂದ ತಂದನೋ ಅಲ್ಲಿಗೇ ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿಸಿದಳು. ಬಡವೆಯಾದ ಆ ತಾಯಿಯ ಮನೆಯು ಲಿಂಗವಂತರಿಗೆ ಇಂದಿಗೂ ಶಾಲೆಯೇ ಸರಿ. ಮಗುವಿಗೆ ಮನೆಯೋ ಶಾಲೆಯೋ, ಈ ನುಡಿಯೋ ಆ ನುಡಿಯೋ ಎಂದು ನಾಲ್ಕು ಬಾಗಿಲುಗಳ ಮುಂದೆ ನಿಂತು ಆಯ್ದುಕೊಳ್ಳುವ ಭಾಗ್ಯವು ಯಾರಿಗುಂಟೋ, ಅವರ ಮಡಿಲಲ್ಲಿ ಅಗತ್ಯಕ್ಕೆ ಮೀರಿದ ಅಕ್ಕಿಯಿದೆಯೆಂದೇ ತಿಳಿಯತಕ್ಕದ್ದು. ಅದರಲ್ಲೊಂದು ಪಾಲು, ಹಣವಾಗಿಯೋ ವಾರಕ್ಕೊಂದು ಸಂಜೆಯ ಪಾಠವಾಗಿಯೋ, ಒಂದೂ ಬಾಗಿಲು ತೆರೆಯದ ಮನೆಯ ಮಗುವಿಗೆ ಸಲ್ಲಲಿ. ಶ್ರೀಮಠದ ಮಹೋತ್ಸವಕ್ಕೆ ಭಕ್ತರು ತರುವ ಕಾಣಿಕೆಗಳಲ್ಲಿ ಇದಕ್ಕಿಂತ ಹಿರಿದಾದುದು ಇರಲಾರದೆಂದು ನಂಬಿ, ಶ್ರೀಗುರುಚರಣಗಳಿಗೆ ಶರಣುಹೇಳಿ ಈ ಲೇಖನವನ್ನು ಮುಗಿಸುತ್ತೇನೆ.